ರಾಡಿಯ ನಾತಕ್ಕೊಂದು ಲೆಕ್ಕ

ಕೊಳಚೆ ನೀರನ್ನು ಶುದ್ಧಗೊಳಿಸಿದ ಮೇಲೆ ಉಳಿಯುವ ರಾಡಿಯನ್ನು ಗಾಳಿಯಾಡದ ಡೈಜೆಸ್ಟರ್‌ಗೆ ತುಂಬಿ, ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎರಡು ಮೂರು ವಾರ ಕೊಳೆಸುತ್ತಾರೆ. ಗೋಬರ್ ಗ್ಯಾಸ್ ಹುಟ್ಟುವುದೂ ಇದೇ ಕ್ರಿಯೆಯಿಂದ. ಡೈಜೆಸ್ಟರ್ ಮುಚ್ಚಿದ್ದರಿಂದ ನಾತ ಅಷ್ಟಾಗಿ ಹೊರಬರುವುದಿಲ್ಲ. ಹೊರತೆಗೆದ ರಾಡಿಯ ನೀರನ್ನು ಹಿಂಡಿ ರಾಶಿ ಹಾಕಿದ ಮೇಲೆಯೇ ನೆರೆಯವರಿಗೆ ಕಾಟ ಶುರು.

ರಾಡಿಯಲ್ಲಿ ಪ್ರೋಟೀನ್ ಹೇರಳ. ಅದರಲ್ಲಿರುವ ಸಿಸ್ಟೀನ್ ಒಡೆದರೆ ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್. ಮೆಥಿಯೋನಿನ್ ಒಡೆದರೆ ಕೊಳೆತ ಎಲೆಕೋಸಿನ ವಾಸನೆಯ ಮೀಥೇನ್‌ಥಯಾಲ್. ಸೋರಿಕೆ ತಿಳಿಯಲೆಂದು ಅಡುಗೆ ಅನಿಲಕ್ಕೆ ಬೆರೆಸುವ ವಸ್ತು ಇದರ ಹತ್ತಿರದ ಬಂಧು. ಮೀಥೇನ್‌ಥಯಾಲ್ ಗಾಳಿಯ ನೂರು ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳಿಗೆ ಮೀಥೇನ್‌ಥಯಾಲ್ ಆಹಾರವೂ ಹೌದು. ಅವು ಚುರುಕಾಗಿದ್ದರೆ ಅದು ಹುಟ್ಟಿದಂತೆಯೇ ಕರಗುತ್ತದೆ.

ನೀರು ಹಿಂಡುವ ಸೆಂಟ್ರಿಫ್ಯೂಜ್ ಈ ಸಮತೋಲವನ್ನೇ ಕೆಡಿಸುತ್ತದೆ. ಅದರ ರಭಸಕ್ಕೆ ರಾಡಿಯ ಕಣಗಳು ಒಡೆದು ಹುದುಗಿದ್ದ ಪ್ರೋಟೀನ್ ಹೊರಬೀಳುತ್ತದೆ. ಅತ್ತ ಮೀಥೇನ್ ಜೀವಿಗಳೂ ಸೊರಗುತ್ತವೆ. ಹಿಂಡಿದ ದಿನ ಸುಮ್ಮನಿದ್ದ ರಾಶಿ ಕೆಲವು ದಿನಗಳಲ್ಲಿ ಕೆಟ್ಟದಾಗಿ ನಾರಿ, ಆ ಜೀವಿಗಳು ಚೇತರಿಸಿಕೊಂಡಂತೆ ತಣ್ಣಗಾಗುವುದು ಇದಕ್ಕೇ.

ಗಣಿತ ಮಾದರಿ ನೆರವಾಗುವುದು ಇಲ್ಲಿ. ಒಂದು ನಲ್ಲಿ ತುಂಬುವ, ಇನ್ನೊಂದು ಖಾಲಿ ಮಾಡುವ ತೊಟ್ಟಿಯ ಶಾಲಾ ಲೆಕ್ಕವಿದೆಯಲ್ಲ, ಇದರ ತಿರುಳೂ ಅದೇ. ಮೀಥೇನ್‌ಥಯಾಲ್ ಹುಟ್ಟುವ, ಕರಗುವ, ಗಾಳಿಗೆ ಹಾರುವ ವೇಗಗಳನ್ನು ಸಮೀಕರಣಗಳಲ್ಲಿ ಬರೆದು, ದಿನದಿನದ ಮಟ್ಟವನ್ನು ಲೆಕ್ಕಹಾಕುತ್ತಾರೆ. ಆಮ್ಲೀಯತೆಯೂ ಮುಖ್ಯ: ಪಿಎಚ್ 7ರಲ್ಲಿ, ನೀರಿನಲ್ಲಿ ಕರಗಿದ ಸಲ್ಫೈಡ್‌ನ ಅರ್ಧದಷ್ಟು ಹಾರಿಹೋಗಬಲ್ಲ ರೂಪದಲ್ಲಿರುತ್ತದೆ, 8ರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ. ಕಬ್ಬಿಣದ ಲವಣ ಬೆರೆಸಿದರೆ ಸಲ್ಫೈಡ್ ಅದಕ್ಕೆ ಅಂಟಿ ಉಳಿದುಬಿಡುತ್ತದೆ.

ಅಂತರರಾಷ್ಟ್ರೀಯ ಜಲ ಸಂಘ 2002ರಲ್ಲಿ ಪ್ರಕಟಿಸಿದ ಎಡಿಎಂ1 ಡೈಜೆಸ್ಟರ್ ಕ್ರಿಯೆಯ ಮೂಲ ಗಣಿತ ಮಾದರಿ. 19 ಜೈವಿಕ ಕ್ರಿಯೆಗಳನ್ನು ಹಿಡಿದಿಟ್ಟ ಅದರಲ್ಲಿ ಸಲ್ಫೇಟ್‌ನಿಂದ ಸಲ್ಫೈಡ್ ಆಗುವ ದಾರಿಯೇ ಇರಲಿಲ್ಲ. ಅದನ್ನು ಸಂಶೋಧಕರು ಆಮೇಲೆ ಜೋಡಿಸಿದರು. ಅನಿಲದ ಲೆಕ್ಕಕ್ಕೆ ಸಿಕ್ಕ ಗಮನ ನಾತಕ್ಕೆ ಸಿಗಲಿಲ್ಲ ಎನ್ನುವುದು ನನ್ನ ಕೊರಗು. ರಾಡಿ ಒಳ್ಳೆಯ ಗೊಬ್ಬರವಾಗಬಲ್ಲದು, ಆದರೆ ನಾರುವ ಗೊಬ್ಬರವನ್ನು ಊರಿನವರು ಹೊಲದ ಹತ್ತಿರಕ್ಕೂ ಬಿಡುವುದಿಲ್ಲ.

ಹೊಸ ಘಟಕಕ್ಕೆ ಯೋಜನೆ ಬರೆಯುವ ನಮ್ಮ ಎಂಜಿನಿಯರುಗಳು ರಾಡಿಯ ವಾಸನೆಯನ್ನು ಹಿಂಡಿದ ದಿನವಷ್ಟೇ ಅಳೆದು ಬಿಡಬಾರದು. ಮುಂದಿನ ಒಂದೆರಡು ವಾರವೂ ಅಳೆಯಬೇಕು.