ಸ್ಥಿರೀಕೃತ ಮಣ್ಣಿನ ಇಟ್ಟಿಗೆ

ಸ್ಥಿರೀಕೃತ ಮಣ್ಣಿನ ಇಟ್ಟಿಗೆಯು ಮಣ್ಣು ಮತ್ತು ಮರಳಿನ ಮಿಶ್ರಣಕ್ಕೆ ಅಲ್ಪ ಪ್ರಮಾಣದ ಸಿಮೆಂಟ್ ಅಥವಾ ಸುಣ್ಣವನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ, ಬೆಂಕಿಯಲ್ಲಿ ಸುಡದೆ ತಯಾರಿಸುವ ಕಟ್ಟಡ ಸಾಮಗ್ರಿಯಾಗಿದೆ. ಬಳಕೆಯ ಮಾತಿನಲ್ಲಿ ಇದನ್ನು ಮಣ್ಣಿನ ಬ್ಲಾಕ್ ಅಥವಾ ಮಡ್ ಬ್ಲಾಕ್ ಎನ್ನುತ್ತಾರೆ. ಸಿವಿಲ್ ಇಂಜಿನಿಯರಿಂಗ್ ಶಿಕ್ಷಣದಲ್ಲಿ ಸುಸ್ಥಿರ ಕಟ್ಟಡ ನಿರ್ಮಾಣದ ಭಾಗವಾಗಿ ಇದನ್ನು ಅಭ್ಯಸಿಸಲಾಗುತ್ತದೆ.

ಹಿನ್ನೆಲೆ

ಸುಟ್ಟ ಇಟ್ಟಿಗೆಯ ಗೂಡುಗಳಿಗೆ ಸೌದೆ ಅಥವಾ ಕಲ್ಲಿದ್ದಲು ಬೇಕು. ಅವುಗಳಿಗೆ ಅನೇಕ ಕಡೆ ಹೊಲಗಳ ಫಲವತ್ತಾದ ಮೇಲ್ಮಣ್ಣೂ ಬಳಕೆಯಾಗುತ್ತದೆ. ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಗೆ ಇಂಧನ ಬೇಕಿಲ್ಲವಾದರೂ ಅದು ನೀರಿಗೆ ಕರಗುತ್ತದೆ. ಇವೆರಡರ ನಡುವಿನ ಮಾರ್ಗವಾಗಿ ಸ್ಥಿರೀಕೃತ ಇಟ್ಟಿಗೆ ಬೆಳೆದುಬಂದಿತು. 1950ರ ದಶಕದಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ರೂಪುಗೊಂಡ ‘ಸಿನ್ವಾ-ರಾಮ್’ ಎಂಬ ಕೈಯಂತ್ರವು ಈ ವಿಧಾನವನ್ನು ಹಲವು ದೇಶಗಳಿಗೆ ಪರಿಚಯಿಸಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಅಲ್ಲಿ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಸ್ಥಳೀಯ ಮಣ್ಣಿನ ಗುಣ, ಇಟ್ಟಿಗೆಯ ಬಲ ಹಾಗೂ ಗೋಡೆಯ ವರ್ತನೆಗಳನ್ನು ಅಧ್ಯಯನ ಮಾಡಿದರು. ಈ ಕೇಂದ್ರವೇ ಮುಂದೆ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಯಿತು.

ತಯಾರಿಕೆ

ಇಟ್ಟಿಗೆಯ ಗುಣಮಟ್ಟ ಮುಖ್ಯವಾಗಿ ಮಣ್ಣಿನ ಆಯ್ಕೆಯನ್ನು ಅವಲಂಬಿಸಿದೆ. ಸಿಮೆಂಟ್ ಬಳಸುವಾಗ ಮಿಶ್ರಣದಲ್ಲಿ ಜೇಡಿಯ ಅಂಶ ಶೇ. 10ರಿಂದ 15ರಷ್ಟು, ಮರಳಿನ ಅಂಶ ಸುಮಾರು ಶೇ. 65ರಷ್ಟು ಇದ್ದರೆ ಉತ್ತಮ. ಜೇಡಿ ಹೆಚ್ಚಿರುವ ಕೆಂಪು ಮಣ್ಣಿಗೆ ಮರಳು ಅಥವಾ ಕಲ್ಲುಪುಡಿ ಬೆರೆಸಿ ಈ ಹದಕ್ಕೆ ತರುತ್ತಾರೆ. ಗಾಜಿನ ಪಾತ್ರೆಯಲ್ಲಿ ಮಣ್ಣನ್ನು ನೀರಿನೊಡನೆ ಕಲಕಿ ಬಿಟ್ಟರೆ ಮರಳು ಮೊದಲು, ಜೇಡಿ ಕೊನೆಗೆ ತಳ ಸೇರುವುದರಿಂದ ಅವುಗಳ ಪ್ರಮಾಣವನ್ನು ಸ್ಥೂಲವಾಗಿ ಅರಿಯಬಹುದು.

ಜರಡಿ ಹಿಡಿದ ಮಣ್ಣಿಗೆ ಸಾಮಾನ್ಯವಾಗಿ ಶೇ. 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು, ಆದರೆ ಕೈಗೆ ಅಂಟದಷ್ಟು ನೀರು ಚಿಮುಕಿಸಲಾಗುತ್ತದೆ. ಪ್ರತಿ ಬಾರಿಯೂ ಮಿಶ್ರಣವನ್ನು ತೂಗಿ ಅಚ್ಚಿಗೆ ತುಂಬಿದರೆ ಎಲ್ಲ ಇಟ್ಟಿಗೆಗಳ ಸಾಂದ್ರತೆ ಸಮನಾಗಿರುತ್ತದೆ. ಸಿಮೆಂಟ್ ಗಟ್ಟಿಯಾಗತೊಡಗುವ ಮುನ್ನವೇ ಒತ್ತುವ ಕೆಲಸ ಮುಗಿಯಬೇಕು. ಅನಂತರ ಒದ್ದೆ ಹುಲ್ಲು ಅಥವಾ ಗೋಣಿಚೀಲ ಹೊದಿಸಿ ಮೂರರಿಂದ ನಾಲ್ಕು ವಾರ ತೇವ ಕಾಯ್ದುಕೊಳ್ಳಬೇಕು. ಆದ್ದರಿಂದ ಗೋಡೆ ಕಟ್ಟುವ ದಿನಕ್ಕೆ ಒಂದು ತಿಂಗಳ ಮೊದಲೇ ತಯಾರಿಕೆ ಆರಂಭಿಸುವಂತೆ ಕಾಮಗಾರಿಯ ವೇಳಾಪಟ್ಟಿ ರೂಪಿಸುವುದು ಅಗತ್ಯ.

ಬಲ ಮತ್ತು ಇಂಧನ ಉಳಿತಾಯ

ನೆನೆದಾಗ ಇಟ್ಟಿಗೆಯ ಬಲ ಕುಗ್ಗುವುದರಿಂದ ಅದನ್ನು ನೀರಿನಲ್ಲಿ ನೆನೆಸಿದ ನಂತರವೇ ಪರೀಕ್ಷಿಸುತ್ತಾರೆ. ಸುಮಾರು ಶೇ. 7ರಷ್ಟು ಸಿಮೆಂಟ್ ಇರುವ ಇಟ್ಟಿಗೆಯು ಪ್ರತಿ ಚದರ ಮಿಲಿಮೀಟರಿಗೆ 3ರಿಂದ 4 ನ್ಯೂಟನ್ ಬಲ ತಾಳಬಲ್ಲದು. ಎರಡು ಅಂತಸ್ತಿನ ಮನೆಯ ಭಾರ ಹೊರುವ ಗೋಡೆಗೆ ಇದು ಸೂಕ್ತ. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ತಯಾರಿಕೆಯಲ್ಲಿ ಶೇ. 60ರಿಂದ 70ರಷ್ಟು ಶಕ್ತಿ ಉಳಿಯುತ್ತದೆ. ತಳಪಾಯಕ್ಕೆ ಅಗೆದ ಮಣ್ಣೇ ಯೋಗ್ಯವಾಗಿದ್ದರೆ ಸಾಗಣೆಯ ವೆಚ್ಚವೂ ಇಳಿಯುತ್ತದೆ.

ಮಿತಿಗಳು

ಎಲ್ಲ ಮಣ್ಣೂ ಇದಕ್ಕೆ ಒಗ್ಗುವುದಿಲ್ಲ. ಸಸ್ಯಾಂಶವುಳ್ಳ ಮೇಲ್ಮಣ್ಣನ್ನು ಬಳಸಬಾರದು. ಉತ್ತರ ಕರ್ನಾಟಕದ ಎರೆಮಣ್ಣು ನೀರು ಹೀರಿದಾಗ ಹಿಗ್ಗಿ, ಒಣಗಿದಾಗ ಬಿರುಕು ಬಿಡುತ್ತದೆ. ಅದಕ್ಕೆ ಸಿಮೆಂಟ್ ಒಂದೇ ಸಾಲದು, ಸುಣ್ಣ ಮತ್ತು ಹೆಚ್ಚಿನ ಮರಳು ಬೇಕಾಗುತ್ತವೆ. ಮಣ್ಣಿನ ದೋಷವನ್ನು ಮುಚ್ಚಲು ಸಿಮೆಂಟನ್ನೇ ಹೆಚ್ಚಿಸುತ್ತ ಹೋದರೆ ವೆಚ್ಚ ಏರುವುದಲ್ಲದೆ, ಸಿಮೆಂಟ್ ಉತ್ಪಾದನೆಯಿಂದ ಹೊರಸೂಸುವ ಇಂಗಾಲದ ಡೈಆಕ್ಸೈಡ್‌ನ ಕಾರಣ ಪರಿಸರಕ್ಕಾಗುವ ಲಾಭವೂ ಕುಗ್ಗುತ್ತದೆ. ಮಳೆ ಹೆಚ್ಚಿರುವ ಪ್ರದೇಶಗಳಲ್ಲಿ ಎತ್ತರದ ಕಲ್ಲಿನ ತಳಪಾಯ ಮತ್ತು ಅಗಲವಾದ ಸೂರು ಗೋಡೆಯನ್ನು ರಕ್ಷಿಸುತ್ತವೆ.

ಶಿಕ್ಷಣ ಮತ್ತು ಮಾನಕ

ಭಾರತೀಯ ಮಾನಕ ಬ್ಯೂರೋದ ಐಎಸ್ 1725 ಈ ಬಗೆಯ ಇಟ್ಟಿಗೆಗಳಿಗೆ ಸಂಬಂಧಿಸಿದ ಮಾನಕವಾಗಿದ್ದು, 2013ರಲ್ಲಿ ಪರಿಷ್ಕೃತವಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ಇಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಪರ್ಯಾಯ ಕಟ್ಟಡ ಸಾಮಗ್ರಿಗಳು ಐಚ್ಛಿಕ ವಿಷಯವಾಗಿ ಸೇರಿವೆ. ಪುದುಚೇರಿ ಸಮೀಪದ ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟ್ ಮಣ್ಣಿನ ನಿರ್ಮಾಣದಲ್ಲಿ ತರಬೇತಿ ನೀಡುತ್ತದೆ.