ಖಾಲಿ ಜಾಗಕ್ಕೆ ಮೂರು ಅರ್ಥ: ಶಾಸನಗಳ ವೆಬ್ ಅಪ್ಲಿಕೇಶನ್ನಿನಲ್ಲಿ ‘ಪುಟ ಬರುತ್ತಿದೆ’ ಎಂಬ ಸೂಚನೆ

ಶಾಸನ ಪಾಠ ಓದುವವರಿಗೆ ಚುಕ್ಕಿಗಳ ಅರ್ಥ ಗೊತ್ತು. ಸಾಲಿನ ನಡುವೆ ನಾಲ್ಕಾರು ಚುಕ್ಕಿ ಇದ್ದರೆ ಅಲ್ಲಿ ಅಕ್ಷರಗಳಿದ್ದವು, ಈಗ ಸವೆದಿವೆ ಅಂತ. ಅದೇ ಪಾಠವನ್ನು ಫೋನಿನಲ್ಲಿ ತೆರೆದಾಗ, ಪುಟ ಬರುವ ಮೊದಲು ಪರದೆಯಲ್ಲಿ ಮೂರು ಚುಕ್ಕಿ ಮಿನುಗಿದರೆ? ಸವೆದದ್ದು ಕಲ್ಲೋ, ನಿಧಾನವಾದದ್ದು ನೆಟ್‌ವರ್ಕೋ, ಗೊತ್ತಾಗುವುದಿಲ್ಲ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಶಾಸನಗಳ ಪಾಠ ಮತ್ತು ಪಡಿಯಚ್ಚುಗಳನ್ನು ಒಟ್ಟಿಗೆ ನೋಡಲು ನಾನೊಂದು ಸಣ್ಣ ವೆಬ್ ಅಪ್ಲಿಕೇಶನ್ ಕಟ್ಟಿಕೊಂಡಿದ್ದೇನೆ. ಅದರಲ್ಲಿ ಪುಟದಿಂದ ಪುಟಕ್ಕೆ ಹೋಗುವಾಗ ಯಾವ ಸೂಚನೆ ಇಡಬೇಕು, ಯಾಕೆ ಇಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇಂಥದ್ದನ್ನು ಕಟ್ಟುವವರಿಗೂ, ಬರೀ ಬಳಸುವವರಿಗೂ ಇದು ತಿಳಿದಿರಲಿ.

ಹಳೆಯ ಬಗೆಯ ತಾಣದಲ್ಲಿ ಲಿಂಕ್ ಒತ್ತಿದರೆ ಬ್ರೌಸರೇ ಇಡೀ ಪುಟವನ್ನು ಹೊಸದಾಗಿ ತರುತ್ತದೆ. ಟ್ಯಾಬಿನಲ್ಲಿ ಚಕ್ರ ತಿರುಗುತ್ತದೆ, ಏನೋ ನಡೆದಿದೆ ಅಂತ ತಿಳಿಯುತ್ತದೆ. ಈಗಿನ ಅನೇಕ ಅಪ್ಲಿಕೇಶನ್‌ಗಳಲ್ಲಿ ಹಂಗಲ್ಲ. ಜಾವಾಸ್ಕ್ರಿಪ್ಟ್ ಆ ಕ್ಲಿಕ್ಕನ್ನು ನಡುವೆಯೇ ಹಿಡಿದು, ಬೇಕಾದ ಮಾಹಿತಿಯನ್ನಷ್ಟೇ ಸರ್ವರಿನಿಂದ ತರಿಸಿ, ವಿಳಾಸವನ್ನು ತಾನೇ ಬದಲಿಸುತ್ತದೆ. ಬ್ರೌಸರಿನ ಲೆಕ್ಕದಲ್ಲಿ ಪುಟ ಬದಲಾಗಿಯೇ ಇಲ್ಲ, ಆದ್ದರಿಂದ ಚಕ್ರವೂ ತಿರುಗದು. ಸೂಚನೆ ಕೊಡುವ ಹೊಣೆ ಕಟ್ಟಿದವನದು.

ಇದರಿಂದಾಗುವ ಅಪಾಯ ಸಣ್ಣದಲ್ಲ. ಮುಂಡರಗಿ ತಾಲೂಕಿನ ಡಂಬಳದಲ್ಲಿ ತಾರಾದೇವಿಯ ಸ್ತುತಿಯಿರುವ, ಕ್ರಿ.ಶ. ೧೦೯೫ರ ಬೌದ್ಧ ಶಾಸನವಿದೆ. ಲಕ್ಷ್ಮೇಶ್ವರದಲ್ಲಿ ಗಂಗ ಮಾರಸಿಂಹನ ಶಕ ೮೯೦ರ, ಅಂದರೆ ಕ್ರಿ.ಶ. ೯೬೮-೬೯ರ ಜೈನ ದಾನಶಾಸನವಿದೆ. ಡಂಬಳದ ಪುಟದಿಂದ ಲಕ್ಷ್ಮೇಶ್ವರದ ಲಿಂಕ್ ಒತ್ತಿದಾಗ ಶೀರ್ಷಿಕೆ ತಕ್ಷಣ ಬದಲಾಗಿ ಪಾಠ ಮಾತ್ರ ಹಳೆಯದೇ ಉಳಿದರೆ, ಮಾರಸಿಂಹನ ಹೆಸರಿನ ಕೆಳಗೆ ಸುಮಾರು ೧೨೭ ವರ್ಷ ಈಚಿನ ಬೌದ್ಧ ಪಾಠ ನಿಂತಿರುತ್ತದೆ. ಆ ಎರಡು ಸೆಕೆಂಡಿನಲ್ಲಿ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆಪ್‌ಗೆ ಹಾಕಿದರೆ ಮುಗೀತು. ಅದನ್ನು ತಿದ್ದುವವರಾರು?

ಹಾಗಾಗಿ ಮೊದಲ ನಿಯಮ: ವಿಳಾಸ, ಶೀರ್ಷಿಕೆ, ಪಾಠ ಮೂರೂ ಒಟ್ಟಿಗೇ ಬದಲಾಗಬೇಕು. ಅಲ್ಲಿಯವರೆಗೆ ಹಳೆಯ ಪುಟ ಹಳೆಯ ಹೆಸರಿನಲ್ಲೇ, ಸ್ವಲ್ಪ ಮಸುಕಾಗಿ ಇರಲಿ. ಪುಟದ ನೆತ್ತಿಯಲ್ಲಿ ತೆಳ್ಳನೆಯ ಪಟ್ಟಿ ಓಡಲಿ, ಜೊತೆಗೆ ‘ಲಕ್ಷ್ಮೇಶ್ವರ ಶಾಸನದ ಪಾಠ ಬರುತ್ತಿದೆ’ ಎಂಬ ಮಾತಿರಲಿ. ಚುಕ್ಕಿ ಬೇಡ. ಸಾಲುಗಳಂತೆ ಕಾಣುವ ಬೂದು ಗೆರೆಗಳೂ ಬೇಡ, ಅವು ಸವೆದ ಕಲ್ಲಿನ ಹಾಗೇ ಕಾಣುತ್ತವೆ. ಪರದೆ ಓದಿಸಿ ಕೇಳುವವರಿಗೂ ಆ ಮಾತು ಕೇಳಿಸುವಂತೆ ಗುರುತು ಹಾಕಿ.

ಎರಡನೆಯದು ಸಮಯ. ಜೇಕಬ್ ನೀಲ್ಸನ್ ೧೯೯೩ರ ಪುಸ್ತಕದಲ್ಲಿ ಮೂರು ಮಿತಿ ಹೇಳಿದ್ದಾರೆ: ೦.೧ ಸೆಕೆಂಡಿನೊಳಗಾದರೆ ತಕ್ಷಣ ಆದಂತೆ ಅನಿಸುತ್ತದೆ, ೧ ಸೆಕೆಂಡಿನವರೆಗೆ ಯೋಚನೆ ಕಡಿಯುವುದಿಲ್ಲ, ೧೦ ಸೆಕೆಂಡು ದಾಟಿದರೆ ಗಮನ ಬೇರೆಡೆ ಹೋಗುತ್ತದೆ. ಬೇಗ ಬರುವ ಪುಟಕ್ಕೂ ಪಟ್ಟಿ ಮಿಂಚಿಸಿದರೆ ಕಣ್ಣಿಗೆ ಕಿರಿಕಿರಿ. ಟರ್ಬೊ ಎಂಬ ಲೈಬ್ರರಿ ತಾನಾಗಿ ಅರ್ಧ ಸೆಕೆಂಡು ಕಾದು ಆಮೇಲಷ್ಟೇ ಪಟ್ಟಿ ತೋರಿಸುತ್ತದೆ.

ಮೂರನೆಯದು, ಪಾಠಕ್ಕೂ ಪಡಿಯಚ್ಚಿಗೂ ಬೇರೆ ಬೇರೆ ಸೂಚನೆ. ಯೂನಿಕೋಡಿನಲ್ಲಿ ೪೦ ಸಾಲಿನ ಪಾಠ ಹತ್ತು ಕೆಬಿ ಆಸುಪಾಸು. ಪಡಿಯಚ್ಚಿನ ಸ್ಕ್ಯಾನ್ ೧೦ ಎಂಬಿ ಇದ್ದರೆ, ಸೆಕೆಂಡಿಗೆ ೨ ಮೆಗಾಬಿಟ್ ಸಂಪರ್ಕದಲ್ಲಿ ಅದು ಬರಲು ೪೦ ಸೆಕೆಂಡು. ಪಾಠ ಮೊದಲು ಬರಲಿ. ಚಿತ್ರದ ಒಟ್ಟು ಗಾತ್ರವನ್ನು ಸರ್ವರ್ ಹೇಳಿದರೆ ನಿಜವಾದ ಶೇಕಡಾವಾರು ತೋರಿಸಬಹುದು. ಅಂದಾಜಿನ ಮೇಲೆ ತೆವಳುವ ಪಟ್ಟಿಗೆ ಅಂಕಿ ಹಾಕಬಾರದು.

ನಾಲ್ಕನೆಯದು ಅವಸರದ ಕ್ಲಿಕ್ಕು. ಡಂಬಳ ಒತ್ತಿ, ಅದು ಬರುವ ಮೊದಲೇ ಲಕ್ಷ್ಮೇಶ್ವರ ಒತ್ತಿದರೆ ಮೊದಲ ಕೋರಿಕೆಯನ್ನು ರದ್ದು ಮಾಡಬೇಕು. ಇಲ್ಲವಾದರೆ ತಡವಾಗಿ ಬಂದ ಡಂಬಳದ ಪಾಠ ಲಕ್ಷ್ಮೇಶ್ವರದ ಮೇಲೆ ಬಂದು ಕೂರುತ್ತದೆ. ಇದಕ್ಕೆ ಬ್ರೌಸರಿನಲ್ಲೇ ಅಬಾರ್ಟ್‌ಕಂಟ್ರೋಲರ್ ಎಂಬ ಸೌಲಭ್ಯವಿದೆ.

ಕೊನೆಯದು ಪಟ್ಟಿ ಪುಟಗಳು. ಲಕ್ಷ್ಮೇಶ್ವರ ಬೇರೆ ತಾಲೂಕಾಗುವ ಮುಂಚೆ ಶಿರಹಟ್ಟಿ ತಾಲೂಕಿನಲ್ಲಿತ್ತು. ಹಾಗಾಗಿ ಅದರ ಶಾಸನಗಳನ್ನು ಶಿರಹಟ್ಟಿಯ ಕೆಳಗೆ ಹುಡುಕುವವರು ಇಂದಿಗೂ ಇರುತ್ತಾರೆ. ಪಟ್ಟಿ ಬರುವ ಮೊದಲೇ ‘೦ ಶಾಸನಗಳು’ ಅಂತ ತೋರಿಸಿದರೆ ಅವರು ಇಲ್ಲವೆಂದೇ ತಿಳಿದು ಹೊರಟುಹೋಗುತ್ತಾರೆ. ‘ಬರುತ್ತಿದೆ’, ‘ಬರಲಿಲ್ಲ, ಮತ್ತೆ ಪ್ರಯತ್ನಿಸಿ’, ‘ದಾಖಲೆ ಇಲ್ಲ’ ಈ ಮೂರಕ್ಕೂ ಬೇರೆ ಬೇರೆ ಮಾತು ಬೇಕು.

ಪರೀಕ್ಷಿಸುವುದು ಸುಲಭ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವೇಗ ತಗ್ಗಿಸಿ, ನಾಲ್ಕು ಶಾಸನಗಳ ಲಿಂಕನ್ನು ಬೇಗ ಬೇಗ ಒತ್ತಿ. ಯಾವ ಕ್ಷಣದಲ್ಲಿ ಸ್ಕ್ರೀನ್‌ಶಾಟ್ ತೆಗೆದರೂ ಹೆಸರು, ಶಕವರ್ಷ, ಪಾಠ ಒಂದೇ ಶಾಸನದ್ದಾಗಿರಬೇಕು.