ಗಂಡನ ಹೆಸರಲ್ಲಿ ಗಡಿಯಾಚೆ ಉಳಿದ ಸಣ್ಣ ಖಾತೆ: ಹಣ ಪಡೆಯುವುದು ಹೇಗೆ?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ಗಂಡಸರ ದುಡಿಮೆ ಗಡಿಯಾಚೆ. ಮಂಗಳೂರು, ಬೆಂಗಳೂರು, ಮುಂಬೈ ಅಂತ ಹೋದಲ್ಲೆಲ್ಲ ಒಂದೊಂದು ಬ್ಯಾಂಕ್ ಖಾತೆ ಇರುತ್ತದೆ. ಅವರು ತೀರಿಹೋದ ಮೇಲೆ "ಹತ್ತಿಪ್ಪತ್ತು ಸಾವಿರಕ್ಕೆ ಯಾರು ಅಲೆಯುವುದು" ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ.

ಮೊದಲು ಪಾಸ್‌ಬುಕ್ ತೆಗೆದು ಮೇ ತಿಂಗಳ ಕೊನೆಯ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 20 ರೂಪಾಯಿ ಆಗಿದ್ದರೆ ಸುರಕ್ಷಾ ಅಪಘಾತ ವಿಮೆ. ವಿಮೆ ಚಾಲ್ತಿಯಲ್ಲಿದ್ದರೆ ಎರಡರಲ್ಲೂ 2 ಲಕ್ಷ ರೂಪಾಯಿ ಪರಿಹಾರ ಇದೆ; ಎರಡನೆಯದು ಅಪಘಾತದ ಸಾವಿಗೆ ಮಾತ್ರ. ಖಾತೆಯ ಹಣ ಕೇಳಲು ಗಡುವಿಲ್ಲ, ಇದ್ದತ್ ಮುಗಿಸಿಯೇ ಹೋಗಬಹುದು. ಆದರೆ ವಿಮೆಯ ಅರ್ಜಿ ತಡಮಾಡಬಾರದು, ಮನೆಯ ಬೇರೆ ಯಾರನ್ನಾದರೂ ಬ್ಯಾಂಕಿಗೆ ಕಳಿಸಿ ವಿಚಾರಿಸಿ.

ಮರಣ ಪ್ರಮಾಣಪತ್ರ ಸಿಗುವುದು ಸಾವು ಸಂಭವಿಸಿದ ಊರಿನಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಲ್ಲಿಯೇ ನೋಂದಣಿ, ಕಾಸರಗೋಡಿನ ಪಂಚಾಯತ್‌ನಲ್ಲಿ ಅಲ್ಲ. 21 ದಿನದೊಳಗೆ ನೋಂದಣಿ ಆಗಬೇಕು. ಐದಾರು ಪ್ರತಿ ತೆಗೆದಿಟ್ಟುಕೊಳ್ಳಿ.

ಜಂಟಿ ಖಾತೆ, 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಎಂದಿದ್ದರೆ, ಇಲ್ಲವೇ ಹೆಂಡತಿಯೇ ನಾಮಿನಿ ಆಗಿದ್ದರೆ ಕೆಲಸ ಸುಲಭ. ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ಗುರುತಿನ ದಾಖಲೆ ಸಾಕು.

ನಾಮಿನಿ ಇಲ್ಲದಿದ್ದರೂ ಕೋರ್ಟಿಗೆ ಓಡಬೇಕಿಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊಸ ನಿಯಮ ತಂದಿದೆ, ಬ್ಯಾಂಕುಗಳು 2026ರ ಮಾರ್ಚ್ 31ರೊಳಗೆ ಜಾರಿ ಮಾಡಬೇಕು. ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ತಕರಾರು ಇಲ್ಲದಿದ್ದರೆ, ಉತ್ತರಾಧಿಕಾರ ಪತ್ರ ಬೇಡ, ಹೊರಗಿನ ಜಾಮೀನೂ ಬೇಡ. ಮೇಲಿನ ದಾಖಲೆಗಳ ಜೊತೆ ನಷ್ಟಭರ್ತಿ ಬಾಂಡ್ ಮತ್ತು ಉಳಿದ ವಾರೀಸುದಾರರ ಒಪ್ಪಿಗೆ ಪತ್ರ ಕೊಡಬೇಕು. ತಹಶೀಲ್ದಾರರ ವಾರೀಸು ಪತ್ರ ಇಲ್ಲದಿದ್ದರೆ, ಕುಟುಂಬವನ್ನು ಚೆನ್ನಾಗಿ ಬಲ್ಲ ಹೊರಗಿನವರೊಬ್ಬರ ಘೋಷಣೆ ಕೊಡಬಹುದು, ಅವರನ್ನು ಬ್ಯಾಂಕ್ ಒಪ್ಪಬೇಕು.

ರಾಜ್ಯ ಬೇರೆಯಾದಾಗ ಎಡವುವುದು ಮೂರು ಕಡೆ. ಒಂದು, ಬಾಂಡಿಗೆ ಕೇರಳದ ಸ್ಟಾಂಪ್ ಪೇಪರ್ ಬೇಕೋ ಕರ್ನಾಟಕದ್ದೋ, ಎಷ್ಟು ಮೌಲ್ಯದ್ದು ಎಂದು ಖರೀದಿಸುವ ಮೊದಲೇ ಕೇಳಿ. ಎರಡು, ಹೆಸರು. ಪಾಸ್‌ಬುಕ್ಕಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಮನೆ ಹೆಸರು ಇದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಕೇಳಬಹುದು. ಮೂರು, ಬ್ಯಾಂಕಿನ ಹೆಸರೇ ಬದಲಾಗಿರಬಹುದು. ವಿಜಯಾ ಬ್ಯಾಂಕ್ ಈಗ ಬ್ಯಾಂಕ್ ಆಫ್ ಬರೋಡ, ಕಾರ್ಪೊರೇಷನ್ ಬ್ಯಾಂಕ್ ಈಗ ಯೂನಿಯನ್ ಬ್ಯಾಂಕ್, ಸಿಂಡಿಕೇಟ್ ಈಗ ಕೆನರಾ. ಅದರ ಹತ್ತಿರದ ಶಾಖೆಯಲ್ಲೇ ಫಾರಂ ಸಿಗುತ್ತದೆ, ವೆಬ್‌ಸೈಟಲ್ಲೂ ಇರುತ್ತದೆ.

10 ವರ್ಷ ವಹಿವಾಟಿಲ್ಲದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಹಕ್ಕು ಹೋಗುವುದಿಲ್ಲ, ಅದೇ ಬ್ಯಾಂಕಿನ ಮೂಲಕ ಕೇಳಬಹುದು. ಯಾವ ಬ್ಯಾಂಕೆಂದು ಗೊತ್ತಿಲ್ಲದಿದ್ದರೆ 'ಉದ್ಗಮ್' ಪೋರ್ಟಲಿನಲ್ಲಿ ಹುಡುಕಿ.

ಎಟಿಎಂ ಪಿನ್ ಗೊತ್ತಿದೆ ಎಂದು ಸದ್ದಿಲ್ಲದೆ ಹಣ ತೆಗೆಯುವುದು ತಪ್ಪು. ನಾಮಿನಿ ಕೂಡ ಹಣದ ಮಾಲೀಕರಲ್ಲ, ವಾರೀಸುದಾರರ ಪರವಾಗಿ ಪಡೆಯುವವರು ಅಷ್ಟೇ. ಸಾಲ ತೀರಿಸಿದ ಮೇಲೆ ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು ಪಾಲು, ಇಲ್ಲದಿದ್ದರೆ ನಾಲ್ಕನೇ ಒಂದು. ತಾಯಿ, ಮಕ್ಕಳ ಪಾಲು ಬೇರೆ ಇದೆ.

ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಿರಿ. ದಾಖಲೆ ಪೂರ್ತಿಯಾದ ಮೇಲೆ 15 ದಿನದೊಳಗೆ ಹಣ ಕೊಡಬೇಕು. ಬ್ಯಾಂಕಿನಿಂದ ತಡವಾದರೆ ಬಡ್ಡಿ ಕೇಳುವ ಹಕ್ಕಿದೆ. ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಶುಲ್ಕ ಇಲ್ಲ. ಮಾಹಿತಿಗೆ 14448.

ಬದುಕಿರುವವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ: ಪ್ರತಿ ಖಾತೆಗೂ ನಾಮಿನಿ ಹಾಕಿಸಿ, ಪಾಸ್‌ಬುಕ್ ಎಲ್ಲಿದೆ ಎಂದು ಹೆಂಡತಿಗೆ ಹೇಳಿಡಿ.